ಶಿಕ್ಷಣ ಸುಧಾರಣೆ ಮತ್ತು ಆಡಳಿತದ ಓದು: ಒಂದು ಚಾರಿತ್ರಿಕ ನೋಟ



ಕನ್ನಡದ ಚರಿತ್ರೆಯಲ್ಲಿ ಒಬ್ಬರ ಹೆಸರಿಗೆ ಅವರ ಸರ್ಕಾರಿ ಹುದ್ದೆಯೇ ಅಂಟಿಕೊಂಡು ಉಳಿದಿದೆ. ಕವಿಗಳಿಗೆ ಕಾವ್ಯನಾಮ ಇರುತ್ತದೆ, ಊರಿನಿಂದ ಹೆಸರಾದವರೂ ಇದ್ದಾರೆ. ಆದರೆ ಧಾರವಾಡದ ಚೆನ್ನಬಸಪ್ಪನವರು ಇಂದಿಗೂ ‘ಡೆಪ್ಯುಟಿ ಚೆನ್ನಬಸಪ್ಪ’. ಡೆಪ್ಯುಟಿ ಎಂದರೆ ಡೆಪ್ಯುಟಿ ಎಜುಕೇಷನಲ್ ಇನ್ಸ್‌ಪೆಕ್ಟರ್. ಇಂದಿನ ಲೆಕ್ಕದಲ್ಲಿ ಶಾಲೆಗಳ ತಪಾಸಣೆಗೆ ಬರುವ ಅಧಿಕಾರಿ ಎನ್ನಬಹುದು. ಶಾಲಾ ತಪಾಸಣಾಧಿಕಾರಿಯೊಬ್ಬರನ್ನು ಒಂದು ನಾಡು ಸುಮಾರು ಒಂದೂವರೆ ಶತಮಾನ ನೆನಪಿನಲ್ಲಿ ಇಟ್ಟುಕೊಂಡಿದೆ ಎಂದರೆ ಅದಕ್ಕೆ ಕಾರಣ ಇರಲೇಬೇಕು. ಅದನ್ನು ತಿಳಿದುಕೊಂಡರೆ ಈ ಲೇಖನದಲ್ಲಿ ನಾನು ಹೇಳಹೊರಟಿರುವ ಅರ್ಧ ಮಾತು ಮುಗಿದಂತೆಯೇ.

1818ರಲ್ಲಿ ಪೇಶ್ವೆಯವರ ಆಳ್ವಿಕೆ ಮುಗಿದ ಮೇಲೆ ಧಾರವಾಡ, ಬೆಳಗಾವಿಯ ಸೀಮೆ ಬ್ರಿಟಿಷರ ಮುಂಬಯಿ ಆಡಳಿತಕ್ಕೆ ಸೇರಿತು. ಕಚೇರಿಯ ಕಾಗದಪತ್ರಗಳು ಮರಾಠಿಯಲ್ಲಿ ನಡೆಯುತ್ತಿದ್ದವು. ಶಾಲೆಗಳಲ್ಲೂ ಅದೇ ಆಯಿತು. ಮನೆಯಲ್ಲಿ ಕನ್ನಡ ಮಾತನಾಡುವ ಮಕ್ಕಳು ಶಾಲೆಗೆ ಬಂದು ಮರಾಠಿಯಲ್ಲಿ ಅಕ್ಷರ ಕಲಿಯಬೇಕಾದ ಪರಿಸ್ಥಿತಿ. 1833ರಲ್ಲಿ ಹುಟ್ಟಿದ ಚೆನ್ನಬಸಪ್ಪನವರು ಶಿಕ್ಷಣ ಇಲಾಖೆಗೆ ಸೇರಿ, 1860ರ ದಶಕದಲ್ಲಿ ಡೆಪ್ಯುಟಿಯಾಗಿ ಊರೂರು ತಿರುಗಿದಾಗ ಕಣ್ಣಾರೆ ಕಂಡದ್ದು ಇದನ್ನೇ.

ಅವರು ಏನು ಮಾಡಿದರು? ಸಭೆ ಕರೆಯಲಿಲ್ಲ, ಭಾಷಣ ಮಾಡಲಿಲ್ಲ. ಶಾಲೆ ಯಾವ ಭಾಷೆಯಲ್ಲಿ ನಡೆಯಬೇಕು, ಅಲ್ಲಿಗೆ ಯಾವ ಮಾಸ್ತರರು ಹೋಗಬೇಕು, ಯಾವ ಪುಸ್ತಕ ಇಡಬೇಕು ಎಂದು ಮೇಲಧಿಕಾರಿಗೆ ವರದಿ ಬರೆಯುವ ಅಧಿಕಾರ ಡೆಪ್ಯುಟಿಯ ಕೈಯಲ್ಲಿತ್ತು. ಅದನ್ನೇ ಅವರು ಬಳಸಿದರು. ಶಿಕ್ಷಣ ಇನ್ಸ್‌ಪೆಕ್ಟರ್ ಆಗಿದ್ದ ರಸೆಲ್ ಸಾಹೇಬರ ಬೆಂಬಲವೂ ಅವರಿಗೆ ಸಿಕ್ಕಿತು. ಆದರೆ ಕನ್ನಡ ಶಾಲೆ ತೆರೆಯಿರಿ ಎಂದು ಆದೇಶ ಬಂದ ಮಾತ್ರಕ್ಕೆ ಶಾಲೆ ನಡೆಯುವುದಿಲ್ಲವಲ್ಲ! ಕಲಿಸುವವರು ಬೇಕು. ಅದಕ್ಕಾಗಿ ಧಾರವಾಡದ ನಾರ್ಮಲ್ ಸ್ಕೂಲ್‌ನಲ್ಲಿ ಕನ್ನಡ ಶಿಕ್ಷಕರು ತಯಾರಾಗಬೇಕಾಯಿತು. ಓದಿಸಲು ಪುಸ್ತಕ ಬೇಕು. ಅದಕ್ಕಾಗಿ ತಾವೂ ಬರೆದರು, ಬೇರೆಯವರಿಂದಲೂ ಬರೆಸಿದರು. ಶೇಕ್ಸ್‌ಪಿಯರನ ನಾಟಕವನ್ನು ಕನ್ನಡದ ಕಥೆಯಾಗಿ ಇಳಿಸಿದವರಲ್ಲಿ ಅವರು ಮೊದಲಿಗರು. ಶಾಲೆಯ ಮಂಜೂರಾತಿ, ಶಿಕ್ಷಕರ ತರಬೇತಿ, ಪಠ್ಯಪುಸ್ತಕ, ಈ ಮೂರನ್ನೂ ಅವರು ಒಟ್ಟಿಗೆ ಹಿಡಿದರು. ಒಂದನ್ನು ಬಿಟ್ಟಿದ್ದರೂ ಉಳಿದೆರಡು ಬಿದ್ದುಹೋಗುತ್ತಿದ್ದವು. 1881ರಲ್ಲಿ ಅವರು ತೀರಿಕೊಂಡಾಗ ಇನ್ನೂ ಐವತ್ತು ತುಂಬಿರಲಿಲ್ಲ.

ಈ ಇಲಾಖೆ ಎಂಬುದು ಎಲ್ಲಿಂದ ಬಂತು? ಬಿ.ಇಡಿ. ಓದಿದ ನಮಗೆಲ್ಲ 1854ರ ವುಡ್ ಆಯೋಗಪತ್ರ ಕಂಠಪಾಠ. ಪರೀಕ್ಷೆಯಲ್ಲಿ ನಾವು ಅನುದಾನ ಪದ್ಧತಿ, ವಿಶ್ವವಿದ್ಯಾಲಯಗಳ ಸ್ಥಾಪನೆ ಎಂದೆಲ್ಲ ಬರೆದು ಅಂಕ ಪಡೆದಿದ್ದೇವೆ. ಆದರೆ ಅದರಲ್ಲಿ ಹೆಚ್ಚು ದೂರದ ಪರಿಣಾಮ ಬೀರಿದ ಅಂಶ ನನ್ನ ದೃಷ್ಟಿಯಲ್ಲಿ ಬೇರೆಯೇ. ಪ್ರತಿ ಪ್ರಾಂತ್ಯದಲ್ಲೂ ಒಂದು ಸಾರ್ವಜನಿಕ ಶಿಕ್ಷಣ ಇಲಾಖೆ, ಅದಕ್ಕೊಬ್ಬ ಡೈರೆಕ್ಟರ್, ಅವರ ಕೆಳಗೆ ಇನ್ಸ್‌ಪೆಕ್ಟರುಗಳು ಇರಬೇಕೆಂದು ಹೇಳಿದ್ದು ಅದೇ ಪತ್ರ. ಅದಕ್ಕೆ ಮೊದಲು ಹಳ್ಳಿಯಲ್ಲಿ ಕೂಲಿಮಠ ಇತ್ತು, ಮಸೀದಿಯ ಪಕ್ಕದಲ್ಲಿ ಮಕ್ತಬ್ ಇತ್ತು. ಕಲಿಸುವ ಅಯ್ಯನವರಿಗೂ ಮೌಲ್ವಿ ಸಾಹೇಬರಿಗೂ ಮೇಲೆ ಕಚೇರಿ ಎಂಬುದು ಇರಲಿಲ್ಲ. 1854ರ ನಂತರ ಶಾಲೆಯ ಹಿಂದೆ ಒಂದು ಕಚೇರಿ ಬಂದು ಕುಳಿತುಕೊಂಡಿತು. ಅದು ಇನ್ನು ಏಳುವುದಿಲ್ಲ.

ಮೈಸೂರು ಸೀಮೆಯಲ್ಲಿ ಈ ಕಚೇರಿಯಲ್ಲಿ ಕುಳಿತವರಲ್ಲಿ ಬಿ.ಎಲ್. ರೈಸ್ ಒಬ್ಬರು. ರೈಸ್ ಎಂದರೆ ನಮಗೆ ಶಾಸನಗಳು, ‘ಎಪಿಗ್ರಾಫಿಯಾ ಕರ್ನಾಟಿಕಾ’ ನೆನಪಾಗುತ್ತವೆ. ಅವರ ಕೆಲಸ ಮೂಲತಃ ಶಾಲೆಗಳ ತಪಾಸಣೆ. ಶಾಲೆ ನೋಡಲು ಕುದುರೆಯ ಮೇಲೆ ಊರೂರು ಹೋದಾಗಲೇ ಕಲ್ಲಿನ ಬರಹಗಳು ಅವರ ಕಣ್ಣಿಗೆ ಬಿದ್ದದ್ದು. 1868ರಲ್ಲಿ ಅವರ ಹೋಬಳಿ ಶಾಲೆಗಳ ಯೋಜನೆ ಬಂತು, ಹೋಬಳಿಗೊಂದು ಶಾಲೆ ಎಂದು. ಕಂದಾಯ ವಸೂಲಿಗೆಂದು ಇದ್ದ ಹೋಬಳಿಯನ್ನೇ ಶಾಲೆಯ ಹಂಚಿಕೆಗೂ ಅಳತೆ ಮಾಡಿಕೊಂಡದ್ದು ಆಡಳಿತ ಬಲ್ಲವನ ಜಾಣತನ. ಇಂದು ನಮ್ಮ ಕ್ಲಸ್ಟರ್, ಸಿ.ಆರ್.ಪಿ. ವ್ಯವಸ್ಥೆಯಲ್ಲಿಯೂ ಆ ಯೋಚನೆಯ ನೆರಳು ಇದೆ.

1882ರ ಹಂಟರ್ ಆಯೋಗ ಮುಸ್ಲಿಮರ ಶಿಕ್ಷಣಕ್ಕೆಂದೇ ಕೆಲವು ಶಿಫಾರಸುಗಳನ್ನು ಮಾಡಿತು. ವಿದ್ಯಾರ್ಥಿವೇತನ, ಭಾಷೆ ಇವೆಲ್ಲ ಅದರಲ್ಲಿ ಇದ್ದವು. ಅವುಗಳ ನಡುವೆ ಒಂದು ಶಿಫಾರಸನ್ನು ಹೆಚ್ಚಿನವರು ಗಮನಿಸುವುದಿಲ್ಲ: ಮುಸ್ಲಿಂ ಮಕ್ಕಳ ಪ್ರಾಥಮಿಕ ಶಾಲೆಗಳ ತಪಾಸಣೆಗೆ ಮುಸ್ಲಿಂ ಅಧಿಕಾರಿಗಳನ್ನು ಇನ್ನೂ ಹೆಚ್ಚಾಗಿ ನೇಮಿಸಬೇಕು. ಶಾಲೆ ತೆರೆದರೆ ಸಾಲದು, ಶಾಲೆಯ ಭಾಷೆ ಬಲ್ಲವನು ತಪಾಸಣೆಗೆ ಬರಬೇಕು ಎಂದು ಆಯೋಗಕ್ಕೆ ಅರ್ಥವಾಗಿತ್ತು. ಉರ್ದು ಓದಲು ಬಾರದವರು ಉರ್ದು ತರಗತಿಯಲ್ಲಿ ಹತ್ತು ನಿಮಿಷ ನಿಂತು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹೋಗುವುದನ್ನು ನೋಡಿದ ಶಿಕ್ಷಕರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಅಲೀಗಢಕ್ಕೆ ಹೋಗೋಣ. ಸರ್ ಸೈಯದ್ ಅಹಮದ್ ಖಾನರ ಬಗ್ಗೆ ಇಂಥ ಸಂಚಿಕೆಗಳಲ್ಲಿ ಬಹಳ ಲೇಖನಗಳು ಬಂದಿವೆ. 1875ರಲ್ಲಿ ಶಾಲೆ, 1877ರಲ್ಲಿ ಕಾಲೇಜಿನ ಅಡಿಗಲ್ಲು, 1886ರಲ್ಲಿ ಶಿಕ್ಷಣ ಸಮ್ಮೇಳನ. ನಮ್ಮ ಅಂಜುಮನ್‌ಗಳು, ವಿದ್ಯಾಸಂಸ್ಥೆಗಳು ಆ ಸಮ್ಮೇಳನವನ್ನು ತಮ್ಮ ಹಿರಿಯಣ್ಣ ಎಂದು ತಿಳಿಯುತ್ತವೆ. ಆದರೆ ಆ ಕಾಲೇಜು ಮುಚ್ಚಿಹೋಗುವ ಅಂಚಿಗೆ ಬಂದಿತ್ತು ಎಂಬುದನ್ನು ನಾವು ಕಡಿಮೆ ಹೇಳುತ್ತೇವೆ.

1895ರಲ್ಲಿ ಕಾಲೇಜಿನ ಕಚೇರಿಯಲ್ಲಿ ಒಂದು ಲಕ್ಷ ರೂಪಾಯಿಗೂ ಹೆಚ್ಚಿನ ಹಣ ಕಾಣೆಯಾದದ್ದು ಬೆಳಕಿಗೆ ಬಂತು. ಹೆಡ್ ಕ್ಲರ್ಕ್ ಒಬ್ಬ ಚೆಕ್ಕುಗಳಿಗೆ ಸುಳ್ಳು ಸಹಿ ಹಾಕಿ ಬ್ಯಾಂಕಿನಿಂದ ಹಣ ತೆಗೆಯುತ್ತ ಬಂದಿದ್ದ. ಆ ಕಾಲದ ಒಂದು ಲಕ್ಷ! ಒಂದೊಂದು ರೂಪಾಯಿಗೂ ಸರ್ ಸೈಯದರು ಚಂದಾ ಎತ್ತಿದ್ದರು, ಲಾಟರಿ ನಡೆಸಿದ್ದರು, ಅದಕ್ಕಾಗಿ ಜನರಿಂದ ಮಾತು ಕೇಳಿದ್ದರು. ಅವರಲ್ಲಿ ದೂರದೃಷ್ಟಿ ಇತ್ತು, ಧೈರ್ಯ ಇತ್ತು, ಪ್ರಾಮಾಣಿಕತೆಯಂತೂ ಪ್ರಶ್ನಾತೀತ. ಇರದಿದ್ದದ್ದು ಒಂದು ಸರಳ ಏರ್ಪಾಡು: ಹಣದ ಲೆಕ್ಕ ಬರೆಯುವವನು ಒಬ್ಬನಾದರೆ ಅದನ್ನು ತಾಳೆ ನೋಡುವವನು ಇನ್ನೊಬ್ಬನಾಗಿರಬೇಕು, ಅದೂ ವರ್ಷಕ್ಕೊಮ್ಮೆ ಅಲ್ಲ, ತಿಂಗಳಿಗೊಮ್ಮೆ. ಇಂದು ಆಡಳಿತ ಶಾಸ್ತ್ರದ ವಿದ್ಯಾರ್ಥಿ ಹಣಕಾಸಿನ ಪಾಠದಲ್ಲಿ ಕಲಿಯುವುದು ಇದನ್ನೇ. ಈ ಆಘಾತದ ನಂತರ ಸರ್ ಸೈಯದರು ಬಹಳ ಕಾಲ ಬದುಕಲಿಲ್ಲ. 1898ರ ಮಾರ್ಚ್‌ನಲ್ಲಿ ಅವರು ವಫಾತ್ ಆದಾಗ ಕಾಲೇಜು ಸಾಲದಲ್ಲಿತ್ತು, ವಿದ್ಯಾರ್ಥಿಗಳ ಸಂಖ್ಯೆ ಇಳಿದಿತ್ತು.

ಕಾಲೇಜನ್ನು ಎತ್ತಿ ನಿಲ್ಲಿಸಿದವರು ಮೊಹಸಿನ್-ಉಲ್-ಮುಲ್ಕ್. ಅವರ ಹೆಸರು ಸೈಯದ್ ಮೆಹದಿ ಅಲಿ, ಮೇಲಿನದು ಹೈದರಾಬಾದಿನಲ್ಲಿ ಸಿಕ್ಕ ಬಿರುದು. ಅವರ ಜೀವನಚರಿತ್ರೆಯನ್ನು ತೆರೆದರೆ ಒಂದು ಸೇವಾ ಪುಸ್ತಕ ಓದಿದಂತಾಗುತ್ತದೆ. ಇಟಾವಾದಲ್ಲಿ ಸಣ್ಣ ಸಂಬಳದ ಗುಮಾಸ್ತ, ನಂತರ ತಹಶೀಲ್ದಾರ್, ಮಿರ್ಜಾಪುರದಲ್ಲಿ ಡೆಪ್ಯುಟಿ ಕಲೆಕ್ಟರ್, 1874ರಿಂದ ನಿಜಾಮರ ಹೈದರಾಬಾದಿನಲ್ಲಿ ಕಂದಾಯ ಮತ್ತು ಹಣಕಾಸಿನ ದೊಡ್ಡ ಹುದ್ದೆಗಳು. ಅಂಥವರು 1899ರಲ್ಲಿ ಅಲೀಗಢ ಕಾಲೇಜಿನ ಕಾರ್ಯದರ್ಶಿಯಾದರು. ಸಾಲ ತೀರಿಸಲು, ಹಣ ಕೂಡಿಸಲು, ಜನರ ವಿಶ್ವಾಸ ಮರಳಿ ಪಡೆಯಲು ಊರಿಂದೂರಿಗೆ ಹೋದರು. ಉತ್ತರದಲ್ಲೇ ಸುತ್ತುತ್ತಿದ್ದ ಶಿಕ್ಷಣ ಸಮ್ಮೇಳನ 1901ರಲ್ಲಿ ಮದ್ರಾಸಿಗೆ ಬಂದದ್ದು ಅವರ ಕಾಲದಲ್ಲೇ. 1907ರಲ್ಲಿ ಅವರು ತೀರಿಕೊಂಡ ಮೇಲೆ ಬಂದ ವಿಕಾರ್-ಉಲ್-ಮುಲ್ಕ್ ಕೂಡ ಹೈದರಾಬಾದಿನ ಕಂದಾಯ ಇಲಾಖೆಯಲ್ಲಿ ಪಳಗಿದವರೇ. 1909ರಲ್ಲಿ ಇಂಗ್ಲಿಷ್ ಪ್ರಿನ್ಸಿಪಾಲರಿಗೂ ಅವರಿಗೂ ದೊಡ್ಡ ಜಗಳವಾಯಿತು. ಪ್ರಶ್ನೆ ಇಷ್ಟೇ: ಕೊನೆಯ ಮಾತು ಪ್ರಿನ್ಸಿಪಾಲರದೋ, ಟ್ರಸ್ಟಿಗಳದೋ? ವಿಕಾರ್-ಉಲ್-ಮುಲ್ಕ್ ನಿಯಮದ ಆಧಾರದ ಮೇಲೆ ನಿಂತರು, ಪ್ರಿನ್ಸಿಪಾಲರು ರಾಜೀನಾಮೆ ಕೊಟ್ಟು ಹೋದರು. ನಮ್ಮ ಆಡಳಿತ ಮಂಡಳಿಗಳಲ್ಲಿ ಇಂದಿಗೂ ಇದೇ ಜಗಳ ನಡೆಯುತ್ತಿರುತ್ತದೆ. ಆದರೆ ಬಹುಪಾಲು ಕಡೆ ನಿಯಮಾವಳಿಯ ಪುಸ್ತಕವನ್ನು ಎರಡೂ ಕಡೆಯವರು ತೆರೆದು ನೋಡಿರುವುದಿಲ್ಲ!

1920ರಲ್ಲಿ ಆ ಕಾಲೇಜು ವಿಶ್ವವಿದ್ಯಾಲಯವಾದಾಗ ಮೊದಲ ಕುಲಪತಿಯಾದವರು ಭೋಪಾಲದ ಬೇಗಂ ಸುಲ್ತಾನ್ ಜಹಾನ್. 1901ರಿಂದ 1926ರವರೆಗೆ ಒಂದು ಸಂಸ್ಥಾನವನ್ನೇ ಆಳಿದ ಹೆಣ್ಣುಮಗಳು. ಆಡಳಿತ ಗಂಡಸರ ವಿಷಯ ಎನ್ನುವವರಿಗೆ ಈ ಒಂದು ಹೆಸರು ಸಾಕು.

ಇಲ್ಲಿಯವರೆಗೆ ಹೇಳಿದವರೆಲ್ಲ ಆಡಳಿತವನ್ನು ಎಲ್ಲಿ ಕಲಿತರು? ಚಾಕರಿಯಲ್ಲೇ ಕಲಿತರು. ಗುಮಾಸ್ತನಾಗಿ ಸೇರಿ, ಇಪ್ಪತ್ತು ವರ್ಷ ಕಡತ ತಿರುವಿ, ಆಮೇಲೆ ಕಾನೂನು ಕೈವಶವಾಗುತ್ತಿತ್ತು. ಕಚೇರಿಯ ಒಳಗೆ ಪ್ರವೇಶ ಸಿಗದವನಿಗೆ ಆ ವಿದ್ಯೆಯೂ ಸಿಗುತ್ತಿರಲಿಲ್ಲ. ನಮ್ಮ ಸಮುದಾಯದಂತೆ ಕಚೇರಿಯಲ್ಲಿ ಕಡಿಮೆ ಇದ್ದವರಿಗೆ ಇದು ಎರಡು ಪಟ್ಟು ನಷ್ಟ. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾದದ್ದು ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಸಿಗಲಿ ಎಂದು. ನೌಕರಿ ಎಂದರೆ ಸಂಬಳ ಮಾತ್ರ ಎಂದು ನಾವು ತಿಳಿದಿದ್ದೇವೆ. ಅದು ಒಂದು ಪಾಠಶಾಲೆಯೂ ಆಗಿತ್ತು.

ಕಚೇರಿಯ ಹೊರಗಿನವರೂ ಆಡಳಿತವನ್ನು ಓದಬಹುದು ಎಂಬ ದಾರಿ ತೆರೆದದ್ದು ಅಮೆರಿಕದಲ್ಲಿ. 1887ರಲ್ಲಿ ವುಡ್ರೋ ವಿಲ್ಸನ್ ಎಂಬ ತರುಣ ಅಧ್ಯಾಪಕರು ಆಡಳಿತದ ಅಧ್ಯಯನ ಎಂಬ ವಿಷಯದ ಮೇಲೆ ಒಂದು ಪ್ರಬಂಧ ಬರೆದರು. ಶಾಸನ ಮಾಡುವುದು ಒಂದು, ಅದನ್ನು ನಡೆಸಿಕೊಂಡು ಹೋಗುವುದು ಇನ್ನೊಂದು, ಈ ಎರಡನೆಯದನ್ನೂ ಒಂದು ಶಾಸ್ತ್ರದಂತೆ ಓದಬೇಕು ಎಂಬುದು ಅದರ ಸಾರ. ಅವರೇ ಮುಂದೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು, ಆಮೇಲೆ ದೇಶದ ಅಧ್ಯಕ್ಷರೂ ಆದರು. 1911ರಲ್ಲಿ ನ್ಯೂಯಾರ್ಕಿನಲ್ಲಿ ಸಾರ್ವಜನಿಕ ಸೇವೆಗಾಗಿ ಒಂದು ತರಬೇತಿ ಶಾಲೆ ಹುಟ್ಟಿತು. 1924ರಲ್ಲಿ ಅದು ಸಿರಕ್ಯೂಸ್ ವಿಶ್ವವಿದ್ಯಾಲಯಕ್ಕೆ ಸೇರಿ ಮ್ಯಾಕ್ಸ್‌ವೆಲ್ ಸ್ಕೂಲ್ ಆಯಿತು. ಸಾರ್ವಜನಿಕ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಎಂಬುದು ಬೇರೂರಿದ್ದು ಅಲ್ಲಿ. ಆ ಶಾಲೆಯ ಡೀನ್ ಆಗಿದ್ದ ಪಾಲ್ ಆಪಲ್‌ಬಿ ಅವರನ್ನು ಸ್ವತಂತ್ರ ಭಾರತದ ಸರ್ಕಾರ ಕರೆಸಿಕೊಂಡು ನಮ್ಮ ಆಡಳಿತವನ್ನು ಪರೀಕ್ಷಿಸಿ ಹೇಳಿ ಎಂದು ಕೇಳಿತು. 1953ರಲ್ಲಿ ಅವರ ವರದಿ ಬಂತು. ಅದರ ಫಲವಾಗಿ 1954ರಲ್ಲಿ ದೆಹಲಿಯಲ್ಲಿ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆ ಆರಂಭವಾಯಿತು, ಪ್ರಧಾನಿ ನೆಹರೂ ಅವರೇ ಅದರ ಅಧ್ಯಕ್ಷರಾದರು. ಅಷ್ಟರಲ್ಲಿ ನಾಗಪುರ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೆ ಪ್ರತ್ಯೇಕ ವಿಭಾಗ ಬಂದಿತ್ತು. ಲೋಕಾಡಳಿತ, ಸಾರ್ವಜನಿಕ ಆಡಳಿತ ಎಂದು ಕನ್ನಡದಲ್ಲಿ ಎರಡು ಹೆಸರಿನಿಂದ ಕರೆಯುವ ಈ ಎಂ.ಎ. ನಮ್ಮ ಕಡೆ ಬಂದದ್ದು ಹೀಗೆ ಬಳಸಿಕೊಂಡು.

ಶಿಕ್ಷಣಕ್ಕೂ ಈ ಓದಿಗೂ ನಂಟು ಬೆಸೆದವರಲ್ಲಿ ಒಬ್ಬರ ಹೆಸರು ನಿಮಗೆ ಚೆನ್ನಾಗಿ ಪರಿಚಿತ, ಆದರೆ ವ್ಯಕ್ತಿಯಾಗಿ ಅಲ್ಲ, ಪುಸ್ತಕವಾಗಿ. ‘ನೂರುಲ್ಲಾ ಮತ್ತು ನಾಯಕ್’! ಶಿಕ್ಷಕ ತರಬೇತಿಯ ಚರಿತ್ರೆ ಪತ್ರಿಕೆಗೆ ಓದದೆ ವಿಧಿಯಿಲ್ಲದ ಗ್ರಂಥ. ಸೈಯದ್ ನೂರುಲ್ಲಾ ಮತ್ತು ಜೆ.ಪಿ. ನಾಯಕ್ ಸೇರಿ ಭಾರತದ ಶಿಕ್ಷಣ ಚರಿತ್ರೆಯನ್ನು 1943ರಲ್ಲಿ ಪ್ರಕಟಿಸಿದರು. ಈ ನಾಯಕರು ಯಾರು ಎಂದು ನಾವು ಯಾರೂ ಕೇಳಲಿಲ್ಲ, ಉಪನ್ಯಾಸಕರೂ ಹೇಳಲಿಲ್ಲ.

1907ರಲ್ಲಿ ಕೊಲ್ಹಾಪುರ ಸೀಮೆಯ ಹಳ್ಳಿಯಲ್ಲಿ ಹುಟ್ಟಿದ ಜಯಂತ ಪಾಂಡುರಂಗ ನಾಯಕರು ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆ ಸಿಕ್ಕಿ ಬಳ್ಳಾರಿ ಜೈಲಿನಲ್ಲಿದ್ದರು. ಕನ್ನಡ ಕಲಿತದ್ದು ಅಲ್ಲೇ. ಬಿಡುಗಡೆಯಾದ ಮೇಲೆ ಧಾರವಾಡದ ಬಳಿಯ ಉಪ್ಪಿನಬೆಟಗೇರಿಯಲ್ಲಿ ಕೆಲವು ವರ್ಷ ನೆಲೆಸಿ ಗ್ರಾಮಸೇವೆ ಮಾಡಿದರು. ಮುಂದೆ ಕೊಲ್ಹಾಪುರ ಸಂಸ್ಥಾನದಲ್ಲಿ ಅಭಿವೃದ್ಧಿಯ ಆಡಳಿತ ನೋಡಿಕೊಂಡರು. 1948ರಲ್ಲಿ ಭಾರತೀಯ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಡಾ. ಡಿ.ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗ 1964ರಿಂದ 1966ರವರೆಗೆ ಕೆಲಸ ಮಾಡಿತಲ್ಲ, ಅದರ ಸದಸ್ಯ-ಕಾರ್ಯದರ್ಶಿ ಇವರೇ. ಹಳ್ಳಿಯಲ್ಲಿ ಇದ್ದು ಬಂದ ಮನುಷ್ಯ, ಲೆಕ್ಕದಲ್ಲಿ ಗಟ್ಟಿಗ. ಶಿಕ್ಷಣಕ್ಕೆ ರಾಷ್ಟ್ರೀಯ ವರಮಾನದ ಶೇಕಡಾ 6 ಎಂಬ ಮಾತನ್ನು ನಾವು ಇಂದಿಗೂ ಮನವಿಪತ್ರಗಳಲ್ಲಿ ಬರೆಯುತ್ತೇವೆ, ಅದು ಆ ಆಯೋಗದ್ದು.

ಅದೇ ಆಯೋಗದಲ್ಲಿ ಸದಸ್ಯರಾಗಿದ್ದ ಖ್ವಾಜಾ ಗುಲಾಮುಸ್ಸೈಯದೈನ್ ಅವರದು ಇನ್ನೊಂದು ದಾರಿ. ಪಾಣಿಪತ್ತಿನವರು, ಕವಿ ಹಾಲಿಯವರ ಮನೆತನಕ್ಕೆ ಸೇರಿದವರು. ಅಲೀಗಢದಲ್ಲಿ ಓದಿ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಶಿಕ್ಷಣ ಶಾಸ್ತ್ರದ ಪದವಿ ಪಡೆದು ಬಂದು ಅಲೀಗಢದ ಟ್ರೇನಿಂಗ್ ಕಾಲೇಜಿನಲ್ಲಿ ಶಿಕ್ಷಕರನ್ನು ತಯಾರು ಮಾಡಿದರು. 1938ರಲ್ಲಿ ಕಾಶ್ಮೀರದ ಶಿಕ್ಷಣ ಡೈರೆಕ್ಟರ್, ಆಮೇಲೆ ಮುಂಬಯಿ ಸರ್ಕಾರದ ಸಲಹೆಗಾರ, ಕೊನೆಗೆ ಕೇಂದ್ರ ಶಿಕ್ಷಣ ಸಚಿವಾಲಯದ ಕಾರ್ಯದರ್ಶಿ. ಶಿಕ್ಷಕರ ಶಿಕ್ಷಕರಾಗಿದ್ದವರು ಇಲಾಖೆಯ ತುತ್ತತುದಿಗೆ ಹೋದ ಉದಾಹರಣೆ ಇದು. ಉರ್ದುವಿನಲ್ಲೂ ಇಂಗ್ಲಿಷಿನಲ್ಲೂ ಸೊಗಸಾಗಿ ಬರೆಯುತ್ತಿದ್ದರು ಎಂಬುದು ಬೇರೆ ಮಾತು.

ಕೊಠಾರಿ ಆಯೋಗ ಒಂದು ವಿಷಯವನ್ನು ಸ್ಪಷ್ಟವಾಗಿ ಕಂಡುಕೊಂಡಿತ್ತು. ಒಳ್ಳೆಯ ಶಿಕ್ಷಕರಿಗೆ ಬಡ್ತಿ ಕೊಟ್ಟು ಅಧಿಕಾರಿಯ ಕುರ್ಚಿಯಲ್ಲಿ ಕೂರಿಸುತ್ತೇವೆ, ಆದರೆ ಆ ಕುರ್ಚಿಯ ಕೆಲಸವನ್ನು ಯಾರೂ ಅವರಿಗೆ ಕಲಿಸಿರುವುದಿಲ್ಲ. ಆದ್ದರಿಂದ ಶಿಕ್ಷಣ ಆಡಳಿತಗಾರರಿಗೆಂದೇ ಒಂದು ರಾಷ್ಟ್ರೀಯ ಸ್ಟಾಫ್ ಕಾಲೇಜು ಬೇಕೆಂದು ಆಯೋಗ ಹೇಳಿತು. ಯುನೆಸ್ಕೋ ನೆರವಿನಿಂದ 1962ರಲ್ಲಿ ದೆಹಲಿಯಲ್ಲಿ ಆರಂಭವಾಗಿದ್ದ ಏಷ್ಯಾ ಕೇಂದ್ರವೇ 1970ರಲ್ಲಿ ಅಂಥ ಸ್ಟಾಫ್ ಕಾಲೇಜಾಯಿತು. 1979ರಲ್ಲಿ ‘ನೀಪಾ’ ಎಂಬ ಹೆಸರು ಪಡೆಯಿತು, 2006ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆಯೂ ಬಂತು. ನಮ್ಮ ಕಡೆಯ ಎಷ್ಟು ಶಿಕ್ಷಕರಿಗೆ ಈ ಸಂಸ್ಥೆಯ ಹೆಸರು ಗೊತ್ತು?

ಪದವಿ ಇಲ್ಲದೆಯೂ ಆಡಳಿತ ಬಲ್ಲವರು ಇದ್ದರು ಎನ್ನುವವರೂ ಇದ್ದಾರೆ. ನಿಜ. ನಮ್ಮ ಕಣ್ಣ ಮುಂದಿನ ಉದಾಹರಣೆ ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆಯವರು, ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು. ಊರೂರಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡರು. ಆದರೆ ಅವರು ಶಾಲೆಗೂ ಒಂದು ಉಪಕಾರ ಮಾಡಿದ್ದಾರೆ. 1983ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯತಿ ಕಾಯ್ದೆಯ ಪ್ರಕಾರ 1987ರ ಜನವರಿಯಲ್ಲಿ ಚುನಾವಣೆ ನಡೆದು, ಪ್ರಾಥಮಿಕ ಶಾಲೆಗಳು ಜಿಲ್ಲಾ ಪರಿಷತ್ತಿನ ಕೈಗೆ ಬಂದವು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅದರ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಐ.ಎ.ಎಸ್. ಅಧಿಕಾರಿ. ಹೀಗೆ ಮಾಡಿದ್ದರಿಂದ ಅಧಿಕಾರ ಕಾಗದದ ಮೇಲೆ ಉಳಿಯದೆ ನಿಜವಾಗಿ ಜಿಲ್ಲೆಗೆ ಇಳಿಯಿತು. ಬೆಂಗಳೂರಿಗೆ ದೂರು ಬರೆಯಬೇಕಾಗಿದ್ದ ಹಳ್ಳಿಗರು ತಾವೇ ಆರಿಸಿದ ಸದಸ್ಯರನ್ನು ಹಿಡಿದು ಕೇಳತೊಡಗಿದರು. ಆ ವರ್ಷಗಳಲ್ಲಿ ಶಾಲೆಗಳಲ್ಲಿ ಶಿಕ್ಷಕರ ಹಾಜರಾತಿ ಸುಧಾರಿಸಿತು ಎಂದು ಅಧ್ಯಯನ ಮಾಡಿದ ವಿದ್ವಾಂಸರು ದಾಖಲಿಸಿದ್ದಾರೆ. ಪಠ್ಯ ಬದಲಾಗಿರಲಿಲ್ಲ, ಶಿಕ್ಷಕರು ಅವರೇ, ಸಂಬಳವೂ ಅದೇ. ಯಾರು ಯಾರಿಗೆ ಉತ್ತರ ಹೇಳಬೇಕು ಎಂಬುದು ಮಾತ್ರ ಬದಲಾಗಿತ್ತು. 1988ರಲ್ಲಿ ನಜೀರ್ ಸಾಬ್ ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ. ಪಂಚಾಯತಿ ಸದಸ್ಯರು, ಅಧಿಕಾರಿಗಳು ತರಬೇತಿಗೆ ಬರುವುದು ಅಲ್ಲಿಗೆ.

ನಜೀರ್ ಸಾಬರಂಥ ಹುಟ್ಟು ಬುದ್ಧಿ ಎಲ್ಲರಿಗೂ ಇರುವುದಿಲ್ಲ. ಉಳಿದವರು ಓದಿ ಕಲಿಯಬೇಕು. ಅದಕ್ಕೇ ನಾನು ಬಿ.ಇಡಿ. ಮುಗಿಸಿದ ತರುಣ ಶಿಕ್ಷಕ-ಶಿಕ್ಷಕಿಯರಿಗೆ ಹೇಳುವುದು: ಸಾರ್ವಜನಿಕ ಆಡಳಿತದ ಎಂ.ಎ. ಬಗ್ಗೆ ಯೋಚಿಸಿ. “ಬಿ.ಇಡಿ. ಆದ ಮೇಲೆ ಎಂ.ಇಡಿ. ಮಾಡುವುದು ಬಿಟ್ಟು ಇದೇನು?” ಎಂದು ಹಿರಿಯರು ಕೇಳುತ್ತಾರೆ. ಎಂ.ಇಡಿ. ಒಳ್ಳೆಯದೇ, ಪಾಠ ಹೇಗೆ ಮಾಡಬೇಕು ಎಂಬುದರ ಆಳಕ್ಕೆ ಅದು ಒಯ್ಯುತ್ತದೆ. ಪಾಠ ಮಾಡುವವರು ಶಾಲೆಯಲ್ಲಿ ಏಕೆ ಇಲ್ಲ ಎಂಬ ಪ್ರಶ್ನೆಗೆ ಉತ್ತರ ಬೇರೆ ಕಡೆ ಇದೆ.

ನನ್ನ ಅನುಭವದ ಒಂದು ಸಂಗತಿ ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ಉರ್ದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ 63 ಮಕ್ಕಳಿದ್ದರು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ನಾವು ಮೂವರು ಇದ್ದೆವು. ಒಂದು ವರ್ಷ ಹೆಚ್ಚುವರಿ ಶಿಕ್ಷಕರ ಪಟ್ಟಿ ಬಂದಾಗ ಅದರಲ್ಲಿ ನಮ್ಮ ಶಾಲೆಯ ಒಂದು ಹುದ್ದೆ ಇತ್ತು. ಬೇರೆ ಊರುಗಳಿಂದ ಬಂದಿದ್ದ ಐದು ಮಕ್ಕಳ ಹೆಸರು ಹಿಂದಿನ ಶಾಲೆಗಳಿಂದ ಗಣಕಯಂತ್ರದಲ್ಲಿ ವರ್ಗವಾಗಿರಲಿಲ್ಲ. ಕಚೇರಿಯ ಲೆಕ್ಕದಲ್ಲಿ ನಮ್ಮಲ್ಲಿ 58 ಮಕ್ಕಳು! ಊರಿನ ಹಿರಿಯರು ಶಾಸಕರ ಬಳಿ ಹೋಗೋಣ ಎಂದರು. ನಮ್ಮ ಸಹೋದ್ಯೋಗಿ ಆಪಾ ಒಬ್ಬರು ಅಂಚೆ ಮೂಲಕ ಈ ಎಂ.ಎ. ಮುಗಿಸಿದವರು. ಅವರು ಮೊದಲು ಆ ಸುತ್ತೋಲೆಯನ್ನು ತರಿಸಿ ಪೂರ್ತಿ ಓದಿದರು. ಆಕ್ಷೇಪಣೆ ಸಲ್ಲಿಸಲು ದಿನ ಕೊಟ್ಟಿರುವುದನ್ನು ತೋರಿಸಿದರು. ಐದೂ ಮಕ್ಕಳ ವರ್ಗಾವಣೆ ಪತ್ರ, ದಾಖಲಾತಿ ವಹಿಯ ಪುಟ, ಹಾಜರಿಯ ನಕಲು ಎಲ್ಲವನ್ನೂ ಲಗತ್ತಿಸಿ, ಅನುಸೂಚಿಯ ಸಾಲನ್ನು ಉಲ್ಲೇಖಿಸಿ ಒಂದು ಪುಟದ ಅರ್ಜಿ ಬರೆದರು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದರು. ಹುದ್ದೆ ಉಳಿಯಿತು. ಶಾಸಕರ ಮನೆಗೆ ಹೋಗಿದ್ದರೂ ಉಳಿಯುತ್ತಿತ್ತೇನೋ, ಆದರೆ ಮುಂದಿನ ವರ್ಷ ಮತ್ತೆ ಹೋಗಬೇಕಾಗುತ್ತಿತ್ತು.

ಆ ಎಂ.ಎ.ಯಲ್ಲಿ ಏನಿರುತ್ತದೆ ಎಂದು ಕೇಳುವವರಿಗೆ: ಆಡಳಿತ ಸಿದ್ಧಾಂತಗಳ ಪತ್ರಿಕೆಯಲ್ಲಿ ವೇಬರ್, ಟೇಲರ್, ಸೈಮನ್ ಮೊದಲಾದವರು ಬರುತ್ತಾರೆ. ಸ್ವಲ್ಪ ಒಣ ಓದು, ಸಹಿಸಿಕೊಳ್ಳಬೇಕು. ನಿಜವಾದ ಲಾಭ ಸಿಬ್ಬಂದಿ ಆಡಳಿತ, ಹಣಕಾಸು ಆಡಳಿತ, ಆಡಳಿತ ಕಾನೂನು, ಸ್ಥಳೀಯ ಸರ್ಕಾರ ಎಂಬ ಪತ್ರಿಕೆಗಳಲ್ಲಿದೆ. ಹುದ್ದೆ ಮಂಜೂರಾಗುವುದು ಹೇಗೆ, ಬಜೆಟ್ಟಿನಲ್ಲಿ ಲೆಕ್ಕಶೀರ್ಷಿಕೆ ಎಂದರೇನು, ಮಾರ್ಚ್ ತಿಂಗಳಲ್ಲಿ ಖರ್ಚಾಗದ ಹಣ ಏನಾಗುತ್ತದೆ, ಅಧಿಕಾರಿಯ ವಿವೇಚನೆಗೆ ಎಲ್ಲಿ ಗಡಿ ಇದೆ. 2005ರ ಮಾಹಿತಿ ಹಕ್ಕು, 2011ರ ಸಕಾಲ ಕಾಯ್ದೆಗಳ ಹೆಸರು ಎಲ್ಲರಿಗೂ ಗೊತ್ತು, ಅವುಗಳ ಕಲಮುಗಳನ್ನು ಕುಳಿತು ಓದಿದವರು ಕಡಿಮೆ. 2001ರಿಂದ ಪ್ರತಿ ಸರ್ಕಾರಿ ಶಾಲೆಯಲ್ಲೂ ಎಸ್.ಡಿ.ಎಂ.ಸಿ. ಇದೆ. ಅದರ ಸಭೆಯಲ್ಲಿ ನಿರ್ಣಯ ಬರೆಯುವ ಕ್ರಮ ಗೊತ್ತಿರುವ ಒಬ್ಬರು ಊರಿಗೆ ಇದ್ದರೂ ಸಾಕು.

2006ರ ಸಾಚಾರ್ ವರದಿ ಐ.ಎ.ಎಸ್.ನಲ್ಲಿ ಮುಸ್ಲಿಮರು ಶೇಕಡಾ 3 ಮಾತ್ರ ಎಂದು ಹೇಳಿದಾಗ ನಮ್ಮ ಸಭೆಗಳಲ್ಲಿ ಬಹಳ ಮಾತಾಯಿತು. ಮಕ್ಕಳನ್ನು ಐ.ಎ.ಎಸ್. ಮಾಡಬೇಕು ಎಂದು ಎಲ್ಲರೂ ಹೇಳಿದರು. ಒಳ್ಳೆಯ ಆಸೆ. ಆದರೆ ಶಾಲೆಯ ಹಣೆಬರಹ ಬರೆಯುವ ಕೈಗಳು ಬಿ.ಇ.ಓ. ಕಚೇರಿಯಲ್ಲೂ ಇವೆ, ಜಿಲ್ಲಾ ಉಪನಿರ್ದೇಶಕರ ಕಚೇರಿಯಲ್ಲೂ ಇವೆ, ಉರ್ದು ಮತ್ತು ಇತರ ಅಲ್ಪಸಂಖ್ಯಾತ ಭಾಷೆಗಳ ನಿರ್ದೇಶನಾಲಯದಲ್ಲೂ ಇವೆ. ಆ ಮೇಜುಗಳಿಗೆ ತಯಾರಾಗುವ ಮಾತನ್ನು ಯಾರೂ ಆಡಲಿಲ್ಲ. ನಾನು ಕಂಡ ಉರ್ದು ಶಾಲೆಗಳಲ್ಲಿ ಶಿಕ್ಷಕಿಯರೇ ಹೆಚ್ಚು. ಮನೆ, ಶಾಲೆ ಎರಡನ್ನೂ ನಡೆಸುವ ಅವರಿಗೆ ಆಡಳಿತದ ಅರ್ಧ ಪಾಠ ಹೊಸದಲ್ಲ. ಕಾಗದದ ಭಾಷೆಯೊಂದೇ ಹೊಸದು.

ಸೇರುವುದಾದರೆ ಕೆಲವು ಮಾತು ನೆನಪಿರಲಿ. ಸರ್ಕಾರಿ ಸೇವೆಯಲ್ಲಿರುವವರು ಇಲಾಖೆಯ ಅನುಮತಿ ಪಡೆದೇ ಪ್ರವೇಶ ಪಡೆಯಬೇಕು. ಇಲ್ಲದಿದ್ದರೆ ಪದವಿ ಬಂದ ಮೇಲೆ ಸೇವಾ ಪುಸ್ತಕದಲ್ಲಿ ಅದನ್ನು ನಮೂದಿಸಲು ಪರದಾಡಬೇಕಾಗುತ್ತದೆ. ದೂರಶಿಕ್ಷಣದಲ್ಲಿ 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯವೂ 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೂ ಇವೆ. ಯಾವ ವಿಶ್ವವಿದ್ಯಾಲಯವಾದರೂ ಆ ವರ್ಷಕ್ಕೆ, ಆ ಕೋರ್ಸಿಗೆ ಯು.ಜಿ.ಸಿ. ಮಾನ್ಯತೆ ಇದೆಯೇ ಎಂದು ನೋಡಿಕೊಂಡೇ ಹಣ ಕಟ್ಟಿ. ಕನ್ನಡದಲ್ಲಿ ಪರೀಕ್ಷೆ ಬರೆಯಬಹುದೇ ಎಂದೂ ಮೊದಲೇ ಕೇಳಿ. ನಮ್ಮ ಸಂಸ್ಥೆಗಳು ವಿದ್ಯಾರ್ಥಿವೇತನ ಕೊಡುವಾಗ ಎಂಜಿನಿಯರಿಂಗ್, ವೈದ್ಯಕೀಯದ ಜೊತೆಗೆ ಇದಕ್ಕೂ ವರ್ಷಕ್ಕೆ ಎರಡೋ ಮೂರೋ ಮೀಸಲಿಟ್ಟರೆ ಹೆಚ್ಚಿನ ಭಾರವಾಗದು. ಒಂದು ಎಂಜಿನಿಯರಿಂಗ್ ಸೀಟಿನ ಶುಲ್ಕದಲ್ಲಿ ಇಂಥ ಹಲವರ ಓದು ಮುಗಿಯುತ್ತದೆ.

ಕಿರುಪ್ರಬಂಧ ಬರೆಯುವ ಅವಕಾಶ ಸಿಕ್ಕರೆ ದೊಡ್ಡ ವಿಷಯಗಳ ಹಿಂದೆ ಹೋಗಬೇಡಿ. ನಿಮ್ಮ ತಾಲ್ಲೂಕಿನ ಉರ್ದು ಶಾಲೆಗಳಲ್ಲಿ ಹತ್ತು ವರ್ಷಗಳಲ್ಲಿ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಖಾಲಿ ಉಳಿದ ಪ್ರತಿ ಹುದ್ದೆಗೆ ಕಡತದಲ್ಲಿ ಕೊಟ್ಟ ಕಾರಣ ಏನು, ಇಷ್ಟು ಬರೆದರೂ ಸಾಕು. ಪ್ರವೇಶ ಪಡೆಯುವುದಕ್ಕೂ ಮುಂಚೆ ಇನ್ನೊಂದು ಕೆಲಸವಿದೆ, ಅದಕ್ಕೆ ಶುಲ್ಕವಿಲ್ಲ. ಹಳೆಯ ಶಾಲೆಗಳ ಕಪಾಟಿನಲ್ಲಿ ಸಂದರ್ಶನ ಪುಸ್ತಕ ಎಂದು ಒಂದು ವಹಿ ಇರುತ್ತದೆ, ತಪಾಸಣೆಗೆ ಬಂದವರು ತಮ್ಮ ಅಭಿಪ್ರಾಯ ಬರೆದು ಸಹಿ ಹಾಕುವ ವಹಿ. ಕೆಲವು ಪುಟ ಇಂಗ್ಲಿಷಿನಲ್ಲಿ, ಕೆಲವು ಕನ್ನಡದಲ್ಲಿ, ಅದೃಷ್ಟವಿದ್ದರೆ ಉರ್ದುವಿನಲ್ಲೂ ಇದ್ದೀತು. ಯಾವ ವರ್ಷ ಯಾರು ಬಂದರು, ಎಷ್ಟು ಮಕ್ಕಳನ್ನು ಓದಿಸಿ ನೋಡಿದರು, ಸೋರುವ ಸೂರಿನ ಬಗ್ಗೆ ಎಷ್ಟು ಸಲ ಬರೆದರು, ಯಾವ ವರ್ಷ ಅದು ದುರಸ್ತಿಯಾಯಿತು. ಮುಖ್ಯೋಪಾಧ್ಯಾಯರನ್ನು ಕೇಳಿ ಆ ವಹಿಯನ್ನು ಈ ರಜೆಯಲ್ಲೇ ಒಮ್ಮೆ ಮೊದಲ ಪುಟದಿಂದ ಓದಿ ನೋಡಿ.